ಅಂಚು ಮುಕ್ಕಾದ ಮೊಹರು

ಮಾಲ್ಟನ್

ವಿಮಾನದಿಂದ ಇಳಿದ ಮೇಲಾದರೂ ವಿಮಾನದ ಭಯ ಬಿಡುತ್ತದೆ ಅಂದುಕೊಂಡಿದ್ದೆ. ಆದರೆ ನನ್ನ ತಂಗಿ ವೀಣಾ ಮನೆ ಮಾಡಿರುವುದು ಟೊರಾಂಟೊ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಮಾಲ್ಟನ್ನಿನಲ್ಲಿ. ಅವಳ ಹಿತ್ತಲಲ್ಲಿ ನಿಂತರೆ ವಿಮಾನಗಳು ಚಕ್ರ ಇಳಿಬಿಟ್ಟುಕೊಂಡು ನೆತ್ತಿಯ ಮೇಲೇ ಹೋಗುತ್ತವೆ. ಮೊದಲ ದಿನ ಬಟ್ಟೆ ಒಣಹಾಕಲು ಹೋದವಳು ಒದ್ದೆ ಟವೆಲ್ಲನ್ನು ತಲೆಗೆ ಅಡ್ಡ ಹಿಡಿದು ಕುಕ್ಕರುಗಾಲಲ್ಲಿ ಕುಳಿತುಬಿಟ್ಟೆ. ವೀಣಾಳ ಮಗಳು ಅದಿತಿ ಕಿಟಕಿಯಿಂದ ಇಣುಕಿ, "ದೊಡ್ಡಮ್ಮ, ಇಟ್ಸ್ ಜಸ್ಟ್ ಎ ಪ್ಲೇನ್" ಅಂದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ.

ಮಾಲ್ಟನ್ನಿನವರಿಗೆ ಒಂದು ಅಭ್ಯಾಸವಿದೆ. ವಿಮಾನ ಬಂದಾಗ ಮಾತು ನಿಲ್ಲಿಸುತ್ತಾರೆ, ಅದು ಹೋದ ಮೇಲೆ ನಿಲ್ಲಿಸಿದ ಕಡೆಯಿಂದಲೇ ಶುರು ಮಾಡುತ್ತಾರೆ. ಜಗಳವಾಡುವಾಗಲೂ ಅಷ್ಟೆ. ತುಮಕೂರಿನಲ್ಲಿ ನಮ್ಮ ಬೀದಿಯ ಗಣೇಶನ ಮೈಕಿಗೆ ನಾವು ಹಾಗೆ ಸೋಲುವುದಿಲ್ಲ. ಅದರ ಮೇಲೆ ಗಂಟಲು ಏರಿಸುತ್ತೇವೆ. ಇಲ್ಲಿ ವೀಣಾ ಗಂಡನನ್ನು ಬಯ್ಯುವ ನಡುವೆ ವಿಮಾನ ಬಂದರೆ ಅವನು ಆ ಬಿಡುವಿನಲ್ಲಿ ಮೆಲ್ಲಗೆ ಬೇಸ್‌ಮೆಂಟಿಗೆ ಇಳಿದು ಕಂಪ್ಯೂಟರಿನ ಮುಂದೆ ಕುಳಿತು ಕಿವಿಗೆ ಹೆಡ್‌ಫೋನ್ ಏರಿಸಿಕೊಳ್ಳುತ್ತಾನೆ. ಒಳ್ಳೆಯ ಏರ್ಪಾಡು.

ವೀಣಾ ಬೋಲ್ಟನ್ನಿನ ಗೋದಾಮೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಅವಳು ಮನೆಗೆ ಬರುವ ಹೊತ್ತಿಗೆ ಅದಿತಿ ಶಾಲೆಗೆ ಹೊರಟಿರುತ್ತಾಳೆ; ಅದಿತಿ ಬರುವ ಹೊತ್ತಿಗೆ ಇವಳು ಕಪ್ಪು ಪರದೆ ಎಳೆದುಕೊಂಡು ಮಲಗಿರುತ್ತಾಳೆ. ತಾಯಿ ಮಗಳು ಭೇಟಿಯಾಗುವುದು ಬಾಗಿಲ ಹತ್ತಿರ, ಒಬ್ಬಳು ಶೂ ಬಿಚ್ಚುವಾಗ ಇನ್ನೊಬ್ಬಳು ಹಾಕಿಕೊಳ್ಳುವಾಗ.

ಇದರಿಂದ ಬಿಡುಗಡೆಗೆ ವೀಣಾ ಹುಡುಕಿಕೊಂಡ ದಾರಿ ಶೇಂಗಾ ಚಟ್ನಿಪುಡಿ. ವಾರದಲ್ಲಿ ಎರಡು ದಿನ ಬಾಡಿಗೆಯ ಅಡುಗೆಮನೆಯಲ್ಲಿ ಪುಡಿ ಮಾಡಿ ಬಾಟಲಿಗೆ ತುಂಬುತ್ತಾಳೆ. ಪರವಾನಗಿ ಇದೆಯೇನೇ ಎಂದು ನಾನು ಕೇಳಿದ್ದಕ್ಕೆ ಫ್ರಿಜ್ಜಿಗೆ ಅಂಟಿಸಿದ್ದ ಕಾಗದ ತೋರಿಸಿದಳು. ಮರುದಿನ ಮತ್ತೆ ಕೇಳಿದೆ. ಮತ್ತೆ ತೋರಿಸಿದಳು.

"ಅಕ್ಕಾ, ಶನಿವಾರ ರೆಕ್ಸ್‌ಡೇಲಲ್ಲಿ ಸಂತೆ ಇದೆ. ನಾನೂ ಒಂದು ಟೇಬಲ್ ಹಾಕ್ತಿದೀನಿ," ಅಂದಳು. "ಅಲ್ಲಿಗೆ ಕುಲವಂತ್ ಆಂಟಿ ಬರ್ತಾರೆ. ದೊಡ್ಡ ದಿನಸಿ ಅಂಗಡಿ ಅವ್ರದ್ದು. ರುಚಿ ಆಗ್ಲೇ ಒಪ್ಪಿದಾರೆ. ಬಾಟ್ಲಿ ನೋಡೋಕೆ ಚೆನ್ನಾಗಿದ್ರೆ ಒಂದು ಶೆಲ್ಫ್ ಕೊಡ್ತೀನಿ ಅಂದಿದಾರೆ. ಕೊಟ್ರೆ ನೈಟ್ ಶಿಫ್ಟು ಕಮ್ಮಿ ಮಾಡ್ಕೋತೀನಿ ಕಣೇ."

"ಕೊಡದಿದ್ರೆ?"

"ಇನ್ನೂ ಬಂದು ಎರಡು ದಿನ ಆಗಿಲ್ಲ, ಶುರು ಮಾಡ್ಬೇಡ."

ಬಾಟಲಿಯ ಮೇಲಿನ ಲೇಬಲ್ಲನ್ನು ನೋಡಿ ಅಚ್ಚಿಗೆ ಕಳಿಸುವ ಕೆಲಸ ಮಾತ್ರ ಅವಳು ನನಗೆ ಒಪ್ಪಿಸಿದಳು. ನನ್ನದು ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ತುಮಕೂರಿನ ಅರ್ಧ ಊರಿನ ಸುಖದುಃಖದ ಕಾರ್ಡು ನನ್ನ ಕೈಯಲ್ಲೇ ಹಾದುಹೋಗಿವೆ. ಅದರಲ್ಲೂ ನನ್ನ ಹೆಸರಿರುವುದು ಸ್ವಚ್ಛ ಮಾಡುವ ಕೆಲಸಕ್ಕೆ. ಬೂಸ್ಟು ಹಿಡಿದ ಅಜ್ಜನ ಫೋಟೊ ತಂದುಕೊಡಿ, ಕಲೆ ತೆಗೆದು, ಕೊರತೆ ತುಂಬಿ, ಬೇಕಾದರೆ ಒಂದು ಕೋಟನ್ನೂ ತೊಡಿಸಿ ಕೊಡುತ್ತೇನೆ.

ಮಾರ್ಕಮ್

ಲೇಬಲ್ಲಿನ ಗುರುತನ್ನು ಬರೆದುಕೊಡುವವರು ವೀಣಾಳ ಚೀನೀ ಗೆಳತಿ ಶೂಫೆನ್. ಕೆನಡಾಕ್ಕೆ ಬಂದ ಹೊಸತರಲ್ಲಿ ಅವರೂ ವೀಣಾಳೂ ಬೋಲ್ಟನ್ನಿನ ಗೋದಾಮಿನಲ್ಲಿ ಅಕ್ಕಪಕ್ಕ ನಿಂತು ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿದವರು. ವೀಣಾಳ ಡಬ್ಬಿಯ ಚಟ್ನಿಪುಡಿಯನ್ನು ತಮ್ಮ ನೂಡಲ್ಸಿಗೆ ಉದುರಿಸಿಕೊಂಡು ತಿಂದ ಮೊದಲ ಮಧ್ಯಾಹ್ನದಿಂದ ಸ್ನೇಹ. ಆಮೇಲೆ ಶೂಫೆನ್ ಗೋದಾಮು ಬಿಟ್ಟು ಮಾರ್ಕಮ್ಮಿನ ತಮ್ಮ ಮನೆಯ ಗರಾಜಿನಲ್ಲೇ ಸ್ಟುಡಿಯೊ ತೆರೆದರು.

ಮಂಗಳವಾರ ಅಲ್ಲಿಗೆ ಹೋದೆವು. ಗರಾಜಿನಲ್ಲಿ ಕಾರು ಬಿಟ್ಟು ಉಳಿದದ್ದೆಲ್ಲ ಇತ್ತು. ಒಂದು ಪಕ್ಕ ಬಾಗಿಲಷ್ಟು ಅಗಲದ ಎರಡು ಕಂಪ್ಯೂಟರ್ ಪರದೆ. ಇನ್ನೊಂದು ಪಕ್ಕ ಮರದ ಇಕ್ಕಳದಲ್ಲಿ ಸಿಕ್ಕಿಸಿದ ಬೆಂಕಿಪೊಟ್ಟಣದ ಗಾತ್ರದ ಕಲ್ಲು, ಪಕ್ಕದಲ್ಲಿ ಚೂಪು ಕತ್ತಿಗಳು. ಚೀನಾದಲ್ಲಿ ಚಿತ್ರ ಬರೆದವರು ಸಹಿಯ ಜೊತೆಗೆ ಕಲ್ಲಿನ ಮೊಹರನ್ನು ಕೆಂಪಗೆ ಒತ್ತುತ್ತಾರಂತೆ. ಶೂಫೆನ್ನರ ತಂದೆ ಅಂಥ ಮೊಹರು ಕೆತ್ತುತ್ತಿದ್ದವರು. ಇವರು ಕಲಿತದ್ದು ಗ್ರಾಫಿಕ್ ಡಿಸೈನ್. ಈಗ ಎರಡನ್ನೂ ಒಂದೇ ಮೇಜಿಗೆ ತಂದಿದ್ದಾರೆ: ಕಲ್ಲಿನಲ್ಲಿ ಕೆತ್ತಿ, ಕಾಗದಕ್ಕೆ ಒತ್ತಿ, ಅದನ್ನು ಸ್ಕ್ಯಾನ್ ಮಾಡಿ ಅಂಗಡಿಗಳಿಗೆ ಲೋಗೊ ಮಾಡಿಕೊಡುತ್ತಾರೆ. ಗೋಡೆಯ ತುಂಬ ಅವೇ. ಹಲ್ಲಿನ ಡಾಕ್ಟರಿಗೆ ಹಲ್ಲಿನಾಕಾರದ ಕೆಂಪು ಮೊಹರು, ನಾಯಿಗೆ ಕೂದಲು ಕತ್ತರಿಸುವವರಿಗೆ ಬಾಲ ಎತ್ತಿದ ಮೊಹರು.

ಕುಳಿತ ಕೂಡಲೇ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಟ್ಟರು. ಹೋದಲ್ಲೆಲ್ಲ ಲೋಟದ ತುಂಬ ಐಸು ಹಾಕಿ ಕೊಡುವ ದೇಶದಲ್ಲಿ ಕುಡಿಯಲು ಬಿಸಿನೀರು ಕೊಟ್ಟವರು ಇವರೊಬ್ಬರೇ. ಆ ಕ್ಷಣವೇ ನನಗೆ ಹತ್ತಿರದವರಾದರು. ವೀಣಾ ನನ್ನನ್ನು ಕರೆಯುವುದು ಕೇಳಿ ಅವರೂ ನನ್ನನ್ನು "ಅಕ್ಕ" ಅಂದರು. ಅವರಲ್ಲೂ ಅಕ್ಕನನ್ನು ಹೆಸರು ಹಿಡಿದು ಕರೆಯುವುದಿಲ್ಲವಂತೆ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಎತ್ತರದವಾದ್ದರಿಂದ ಮಾತು ಸಲೀಸಾಗಿ ನಡೆಯಿತು. ಇಂಗ್ಲಿಷ್ ಚೆನ್ನಾಗಿ ಬರುವ ವೀಣಾಳಿಗೇ ಅಲ್ಲಲ್ಲಿ ಅರ್ಥವಾಗಲಿಲ್ಲ.

ಚಟ್ನಿಪುಡಿಗೆ ವೀಣಾ ಇಟ್ಟ ಹೆಸರು 'ಒರಳು'. ಹಾಗೆಂದರೆ ಏನು ಎಂದು ಶೂಫೆನ್ ಕೇಳಿದರು. ಹೇಳುವುದಕ್ಕಿಂತ ತೋರಿಸುವುದೇ ಸುಲಭವೆಂದು ಗರಾಜಿನ ನೆಲದ ಮೇಲೆ ಕುಳಿತು, ಇಲ್ಲದ ಗುಂಡುಕಲ್ಲನ್ನು ಹಿಡಿದು ಗರಗರ ತಿರುಗಿಸಿದೆ. ತಕ್ಷಣ ಅರ್ಥವಾಯಿತು. ಏಳಲು ಹೋದರೆ ಮಂಡಿ ಹಿಡಿದುಕೊಂಡಿತ್ತು. ಇಬ್ಬರೂ ಸೇರಿ ನನ್ನನ್ನು ಎತ್ತಿ ನಿಲ್ಲಿಸಿದರು.

ನಾನು ದೊಡ್ಡದಾಗಿ ಬರೆದುಕೊಟ್ಟ ಒರಳು ಎಂಬ ಅಕ್ಷರಗಳನ್ನು ಶೂಫೆನ್ ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದರು.

"ನಮ್ಮ ಅಕ್ಷರ ಮನೆ ಇದ್ದ ಹಾಗೆ. ನಾಲ್ಕು ಮೂಲೆ ಇರುತ್ತೆ, ಚೌಕದಲ್ಲಿ ಕೂರುತ್ತೆ," ಅಂದರು. "ನಿಮ್ಮದು ಎಲ್ಲಾ ಉರುಳಿಕೊಂಡು ಹೋಗ್ತಿದೆ. ಎಲ್ಲಿ ನಿಲ್ಲಿಸಲಿ?"

ಪರದೆಯ ಮೇಲೆ ಅವನ್ನು ಹಿಗ್ಗಿಸಿ, ಕುಗ್ಗಿಸಿ, ಒಂದರ ಮಗ್ಗುಲಿಗೆ ಇನ್ನೊಂದನ್ನು ಒರಗಿಸಿ, ತುಂಬಿದ ಬಸ್ಸಿನ ಸೀಟಿನಲ್ಲಿ ಮೂವರು ದಪ್ಪನೆಯ ಹೆಂಗಸರು ಕುಳಿತಂತೆ ಕೂರಿಸಿದರು. ಆಮೇಲೆ ಕಲ್ಲಿನ ಮೇಲೆ ಹಿಂದುಮುಂದಾಗಿ ಬರೆದುಕೊಂಡು ಕೆತ್ತಿದರು. ಕಾಗದಕ್ಕೆ ಒತ್ತುವ ಮೊದಲೇ ಕಲ್ಲಿನ ಮೇಲಿನ ಉಲ್ಟಾ ಅಕ್ಷರವನ್ನು ನಾನು ಓದಿ ಸರಿಯಿದೆ ಅಂದೆ. ನಮ್ಮ ಮಾವನವರ ಅಚ್ಚುಮೊಳೆ ಪ್ರೆಸ್ಸಿಗೆ ಸೊಸೆಯಾಗಿ ಬಂದವಳು ನಾನು. ನೇರ ಅಕ್ಷರಕ್ಕಿಂತ ಉಲ್ಟಾ ಅಕ್ಷರದ ಸಹವಾಸ ಹೆಚ್ಚು.

ಪಿಂಗಾಣಿ ಡಬ್ಬಿಯಲ್ಲಿ ಗಟ್ಟಿ ಕೆಂಪು ಮುದ್ದೆಯಿತ್ತು. ಅದಕ್ಕೆ ಕಲ್ಲನ್ನು ತಟ್ಟಿ ತಟ್ಟಿ ಬಿಳಿ ಹಾಳೆಗೆ ಒತ್ತಿದರು. ಒರಳು ಮೂಡಿತು. ನಾಲ್ಕೂ ಅಂಚು ಗೆರೆ ಎಳೆದ ಹಾಗೆ. ನನ್ನ ಅಂಗಡಿಯಲ್ಲೂ ಇಷ್ಟು ಶುದ್ಧವಾದ ಕೆಲಸ ನಾನು ನೋಡಿದ್ದು ಕಡಿಮೆ. ಖುಷಿಯಲ್ಲಿ ಡಬ್ಬಿ ಮುಟ್ಟಿದೆ. ಬೆರಳಿಗೆ ಕೆಂಪು ಹತ್ತಿತು. ಹೆಬ್ಬೆರಳ ಪಕ್ಕದ ಬೆರಳಿಗೆ ಕೆಂಪು ಹತ್ತಿದರೆ ಏನು ಮಾಡಬೇಕೆಂದು ನಾನು ಯೋಚಿಸುವುದಿಲ್ಲ, ಕೈ ತಾನೇ ಮಾಡುತ್ತದೆ. ಹಣೆಗೆ ಇಟ್ಟುಕೊಂಡೆ.

ಅದರಲ್ಲಿ ಎಣ್ಣೆ ಇರುತ್ತದೆಂದೂ, ನೂರು ವರ್ಷ ಹೋಗದಿರಲಿ ಎಂದೇ ಅದನ್ನು ಕಲಸುತ್ತಾರೆಂದೂ ಆಮೇಲೆ ತಿಳಿಯಿತು. ಶೂಫೆನ್ ಒದ್ದೆ ಕಾಗದ ತಂದು ನನ್ನ ಹಣೆ ಉಜ್ಜುತ್ತ ನಕ್ಕರು. "ಈಗ ನೀವು ಒರಿಜಿನಲ್ ಪ್ರತಿ," ಅಂದರು. ಉಜ್ಜಿದಷ್ಟೂ ಹರಡಿತು. ಮನೆಗೆ ಹಿಂದಿರುಗುವಾಗ ಒಂದು ಕಾಫಿ ಅಂಗಡಿಯಲ್ಲಿ ಒಬ್ಬ ಮನುಷ್ಯ ದೂರದಿಂದಲೇ ನಮಗಾಗಿ ಬಾಗಿಲು ಹಿಡಿದು ನಿಂತ. ಅಲ್ಲಿನವರ ಈ ಸೌಜನ್ಯ ನನ್ನ ಮಂಡಿಗೆ ದುಬಾರಿ. ಅವರು ಹಿಡಿದು ನಿಂತಿದ್ದಾರಲ್ಲ ಎಂದು ನಾವು ಓಡಬೇಕು. ಓಡಿದೆ. ಅವನು ನನ್ನ ಹಣೆ ನೋಡಿ, "ಆರ್ ಯು ಓಕೆ?" ಅಂದ.

ಹೊರಡುವಾಗ ಶೂಫೆನ್, "ಕಲ್ಲಿನ ಕೆಲಸ ಇನ್ನೂ ಸ್ವಲ್ಪ ಇದೆ. ಗುರುವಾರ ಫೈಲ್ ಕಳಿಸ್ತೀನಿ," ಅಂದಿದ್ದರು. ಇನ್ನೇನು ಕೆಲಸ ಉಳಿದಿರಬಹುದು ಎಂದು ಕೇಳಬೇಕಿತ್ತು. ಬೇಡದ್ದನ್ನೆಲ್ಲ ಕೇಳುವ ನಾನು ಅದೊಂದನ್ನು ಕೇಳಲಿಲ್ಲ.

ಮತ್ತೆ ಮಾಲ್ಟನ್

ಗುರುವಾರ ಬೆಳಿಗ್ಗೆ ಫೈಲ್ ಬಂತು. ವೀಣಾ ಪಾಳಿ ಮುಗಿಸಿ ಮಲಗಿದ್ದಳು. ಅವಳ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದವಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ.

ಮೊಹರಿನ ಎಡ ಅಂಚು ಎರಡು ಕಡೆ ಮುರಿದಿತ್ತು. ಕೆಳಗಿನ ಮೂಲೆಯಲ್ಲಿ ಮುಕ್ಕು. 'ಳು'ವಿನ ಬಾಲದ ಹತ್ತಿರ ಚುಕ್ಕೆ ಚುಕ್ಕೆ. ಮಂಗಳವಾರ ನನ್ನ ಕಣ್ಣೆದುರಿಗೇ ಗೆರೆ ಎಳೆದಂತಿದ್ದದ್ದು. ಕಲ್ಲು ಕೈಜಾರಿ ಬಿದ್ದಿದೆ, ಸಂದೇಹವೇ ಇಲ್ಲ. ಪಾಪ, ಹೇಳಲು ಸಂಕೋಚವಾಗಿ ಸುಮ್ಮನೆ ಕಳಿಸಿಬಿಟ್ಟಿದ್ದಾರೆ. ಕೇಳಿದರೆ ನೊಂದುಕೊಳ್ಳುತ್ತಾರೆ. ಸ್ನೇಹಕ್ಕೆ ಮಾಡಿಕೊಟ್ಟ ಕೆಲಸದಲ್ಲಿ ತಪ್ಪು ಎತ್ತಿ ತೋರಿಸುವುದು ನಮ್ಮ ಕಡೆಯ ಪದ್ಧತಿಯಲ್ಲ. ಹಾಗೆಂದು ಮುಕ್ಕಾದದ್ದನ್ನು ತಂಗಿಯ ಮೊದಲ ಕೆಲಸಕ್ಕೆ ಹಚ್ಚಲೇ? ದೇವರ ಮೂರ್ತಿಯೇ ಮುಕ್ಕಾದರೆ ಪೂಜೆಯಿಂದ ತೆಗೆದಿಡುತ್ತೇವೆ.

ನನ್ನ ಹಣೆಬರಹಕ್ಕೆ ಅದು ನನಗೆ ಗೊತ್ತಿದ್ದ ಕೆಲಸ. ಅಂಚು ಕೂಡಿಸಿದೆ. ಮುಕ್ಕು ತುಂಬಿದೆ. ಚುಕ್ಕೆ ಒರೆಸಿದೆ. ಶೂಫೆನ್ ಮೊಹರನ್ನು ಲೇಬಲ್ಲಿನ ಒಂದು ಮೂಲೆಗೆ ತಳ್ಳಿ ಉಳಿದ ಜಾಗವನ್ನೆಲ್ಲ ಖಾಲಿ ಬಿಟ್ಟಿದ್ದರು. ಅದೂ ಜಿಪುಣತನದಂತೆ ಕಂಡಿತು. ಮೊಹರನ್ನು ನಡುಮಧ್ಯಕ್ಕೆ ತಂದು, ಸುತ್ತ ಒಂದು ಸಣ್ಣ ಬಳ್ಳಿ ಹಬ್ಬಿಸಿದೆ. ಲೇಬಲ್ ಅಚ್ಚು ಹಾಕುವವರಿಗೆ ಕಳಿಸಿದೆ. ಒಬ್ಬ ಕಲಾವಿದೆಯ ಮಾನ ಕಾಪಾಡಿದ ತೃಪ್ತಿಯಲ್ಲಿ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ. ಪ್ರವಾಸದುದ್ದಕ್ಕೂ ಚಿಂತೆಯಿಲ್ಲದೆ ಮಲಗಿದ್ದು ಅದೊಂದೇ ಸಲ.

ಶುಕ್ರವಾರ ಲೇಬಲ್ಲುಗಳು ಬಂದವು. ಅದಿತಿಯೂ ನಾನೂ ಎಲ್ಲ ಬಾಟಲಿಗೂ ಅಂಟಿಸಿ ಮುಗಿಸಿದೆವು. ವೀಣಾ ಎದ್ದು ಬಂದು ನೋಡಿ, "ನೀಟಾಗಿದೆ," ಅಂದಳು. ಆದರೆ ಬಾಟಲಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಸಂಜೆ ಶೂಫೆನ್ ಬಂದರು, ಮೊಹರಿನ ಕಲ್ಲನ್ನು ರೇಷ್ಮೆ ಚೀಲದಲ್ಲಿಟ್ಟು, ಜೊತೆಗೆ ಕೆಂಪು ಮುದ್ದೆಯ ಡಬ್ಬಿಯನ್ನೂ ಸೇರಿಸಿ ವೀಣಾಳಿಗೆ ಉಡುಗೊರೆಯಾಗಿ ಕೊಡಲು. ಮೇಜಿನ ಮೇಲಿನ ಬಾಟಲಿ ನೋಡಿದರು. ಒಂದನ್ನೆತ್ತಿ ಬೆಳಕಿಗೆ ಹಿಡಿದರು.

ವಿಮಾನವೊಂದು ಹೋಯಿತು. ಅದು ಹೋದ ಮೇಲೂ ಅವರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಲೇ ಇದ್ದರು.

"ಈ ಬಳ್ಳಿ ಯಾರು ನೆಟ್ಟಿದ್ದು?" ಎಂದು ಕೊನೆಗೆ ಕೇಳಿದರು.

"ನಾನು," ಅಂದೆ. "ಕಲ್ಲು ಬಿದ್ದು ಒಡೆದಿತ್ತಲ್ಲ. ನಿಮಗೆ ಬೇಜಾರಾಗಬಾರದು ಅಂತ ಸರಿ ಮಾಡಿದೆ."

"ಬಿದ್ದಿಲ್ಲ. ನಾನೇ ಒಡೆದದ್ದು." ಕತ್ತಿಯ ಹಿಡಿಯಿಂದ ಕುಟ್ಟುವಂತೆ ಮೇಜಿನಂಚಿಗೆ ಬೆರಳಿನಿಂದ ಟಕ್ ಟಕ್ ಎಂದು ಬಡಿದು ತೋರಿಸಿದರು. "ಕೆತ್ತೋಕೆ ಒಂದು ಮಧ್ಯಾಹ್ನ. ಎಲ್ಲಿ ಒಡೀಬೇಕು ಅಂತ ನೋಡೋಕೆ ಒಂದು ದಿನ. ಅಂಚು ಮುಚ್ಚಿದ್ರೆ ಒಳಗಿನ ಅಕ್ಷರಕ್ಕೆ ಉಸಿರು ಕಟ್ಟುತ್ತೆ. ಇದು ಔಷಧಿ ಬಾಟ್ಲಿ ಆಗಿದೆ, ಅಕ್ಕ."

ವೀಣಾ ನನ್ನ ಕಡೆ ತಿರುಗಿದಳು. "ಅದಕ್ಕೇ ನಂಗೆ ಏನೋ ಸರಿಯಿಲ್ಲ ಅನ್ನಿಸ್ತಿತ್ತು. ನಿಂಗೆ ಏನನ್ನೂ ಇದ್ದ ಹಾಗೆ ಬಿಡೋಕೆ ಬರಲ್ವಲ್ಲೇ ಅಕ್ಕಾ. ನನ್ನ ಮದುವೆ ಫೋಟೋಲಿ ಗಲ್ಲದ ಮಚ್ಚೆ ಅಳಿಸಿಬಿಟ್ಳು, ಗೊತ್ತಾ ಶೂಫೆನ್? ಅತ್ತೆ ಮನೆಯೋರು ಆಲ್ಬಮ್ ನೋಡಿ ಯಾರಿವಳು ಅಂದ್ರು."

"ಚಂದ ಕಾಣಲಿ ಅಂತ..."

"ನಾಳೆ ಕುಲವಂತ್ ಆಂಟಿ ಬರ್ತಾರೆ," ಅಂದಳು. ಧ್ವನಿ ಏರಿಸಲಿಲ್ಲ. ಅದೇ ಹೆಚ್ಚು ಚುಚ್ಚಿತು. ಅದಿತಿ ಫೋನಿನಿಂದ ಕಣ್ಣೆತ್ತಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ನಾನು ರೇಷ್ಮೆ ಚೀಲದಿಂದ ಕಲ್ಲನ್ನು ತೆಗೆದು ಮುಕ್ಕಾದ ಅಂಚಿನ ಮೇಲೆ ಬೆರಳಾಡಿಸಿದೆ. ತರಿತರಿಯಾಗಿತ್ತು. ಆ ತರಿ ನನ್ನ ಬೆರಳಿಗೆ ಎಲ್ಲೋ ಪರಿಚಯ. ನಮ್ಮ ಚಿಕ್ಕಂದಿನಲ್ಲಿ ಒರಳು ಸವೆದು ನುಣ್ಣಗಾದರೆ ಅಮ್ಮ ಉಳಿ ಸುತ್ತಿಗೆಯವನನ್ನು ಕರೆಸಿ ಅದಕ್ಕೆ ಮತ್ತೆ ಪೆಟ್ಟು ಹಾಕಿಸುತ್ತಿದ್ದಳು. ಹೊಚ್ಚಹೊಸ ಗಾಯದಂತೆ ಬೆಳ್ಳಗೆ ಚುಕ್ಕೆ ಏಳುತ್ತಿದ್ದವು. ಅಷ್ಟು ಚೆನ್ನಾಗಿ ನುಣ್ಣಗಿದ್ದದ್ದನ್ನು ಹಾಳು ಮಾಡಿದ ಎಂದು ನಾನು ಅಳುತ್ತಿದ್ದೆನಂತೆ. ನುಣ್ಣನೆಯ ಕಲ್ಲಿನಲ್ಲಿ ಅಕ್ಕಿ ಸುಮ್ಮನೆ ಸುತ್ತುತ್ತದೆ, ಅರೆಯುವುದಿಲ್ಲ ಎಂದು ಅಮ್ಮ ಹೇಳಬೇಕಾಗುತ್ತಿತ್ತು.

ಇದನ್ನು ನನ್ನ ಇಂಗ್ಲಿಷಿನಲ್ಲಿ, ಅರ್ಧ ಕೈಯಲ್ಲಿ, ಶೂಫೆನ್ನರಿಗೆ ಹೇಳಿದೆ. ಈ ಸಲ ನೆಲಕ್ಕೆ ಕೂರಲಿಲ್ಲ.

"ಹಾಗಾದ್ರೆ ನಿಮಗೆ ಗೊತ್ತಿತ್ತು," ಅಂದರು.

"ಕಲ್ಲಿನಲ್ಲಿ ಗೊತ್ತಿತ್ತು. ಫೈಲಿನಲ್ಲಿ ಗೊತ್ತಾಗಲಿಲ್ಲ."

ಅವರು ತುಟಿ ಬಿಗಿ ಹಿಡಿದರು, ಆಮೇಲೆ ತಡೆಯಲಾಗದೆ ನಕ್ಕರು. ಕೋಟು ಕಳಚಿ ಕುರ್ಚಿಗೆ ಹಾಕಿದರು. "ಬಿಸಿನೀರು ಇದೆಯಾ?" ಕುಡಿಯಲು ಕೇಳುತ್ತಿದ್ದಾರೆಂದು ನಾನು ಲೋಟ ತಂದೆ. ಅವರಿಗೆ ಬೇಕಿದ್ದದ್ದು ಬೋಗುಣಿ. ಬಾಟಲಿಗಳನ್ನು ನೀರಿನಲ್ಲಿ ನಿಲ್ಲಿಸಿ ಲೇಬಲ್ಲುಗಳನ್ನು ನೆನೆಸಿದೆವು. ವೀಣಾಳ ಗಂಡನೂ ಬೇಸ್‌ಮೆಂಟಿನಿಂದ ಮೇಲೆ ಬಂದು ಉಗುರಿನಿಂದ ಬಳ್ಳಿ ಕೆರೆಯುತ್ತ ಕುಳಿತ.

ಅದಿತಿ ಶಾಲೆಯ ಕ್ರಾಫ್ಟಿಗೆ ತಂದಿದ್ದ ಕಂದು ಕಾಗದವನ್ನು ಚೌಕವಾಗಿ ಕತ್ತರಿಸಿದಳು. ಅದಕ್ಕೆ ಮೊಹರು ಒತ್ತಿ, ಮುಚ್ಚಳದ ಮೇಲೆ ಹೊದಿಸಿ, ದಾರ ಕಟ್ಟುವುದು ಎಂದಾಯಿತು. ಒಳಗೇನಿದೆ ಎಂಬ ವಿವರದ ಚೀಟಿಯನ್ನು ವೀಣಾ ತಳಕ್ಕೆ ಅಂಟಿಸಿದಳು. ಒತ್ತುವ ಕೆಲಸ ನನಗೆ. ನಾನು ಕಂಡ ಮೊಹರೆಂದರೆ ನಮ್ಮ ತಾಲ್ಲೂಕು ಕಚೇರಿಯದು. ಅದನ್ನು ಹಾಕಿದರೆ ಪಕ್ಕದ ಕೋಣೆಯವರಿಗೆ ಕೇಳಿಸಬೇಕು. ಮೊದಲನೆಯದನ್ನು ಹಾಗೇ ಗುದ್ದಿದೆ. ಮೇಜಿನ ಮೇಲಿನ ಚಮಚ ಹಾರಿತು.

"ಅಕ್ಕ, ಅದು ಕಾಗದ. ಕಳ್ಳ ಅಲ್ಲ," ಅಂದರು ಶೂಫೆನ್. ನನ್ನ ಕೈಮೇಲೆ ಕೈಯಿಟ್ಟು, ಮಗುವಿನ ಪಾದವನ್ನು ನೆಲಕ್ಕೆ ಊರಿಸುವಂತೆ ಊರಿಸಿ ತೋರಿಸಿದರು.

ಆದರೂ ಒಂದೂ ಇನ್ನೊಂದರಂತೆ ಬರಲಿಲ್ಲ. ಒಂದು ಓರೆ, ಒಂದು ಮಸುಕು, ಒಂದರಲ್ಲಿ ನನ್ನ ಹೆಬ್ಬೆರಳೂ ಬಂದಿತ್ತು. ತೀರಾ ಕೆಟ್ಟದ್ದನ್ನು ಬಚ್ಚಿಡಲು ನೋಡಿದೆ. ಅದಿತಿ ಅದನ್ನೇ ಎತ್ತಿ ಬಾಟಲಿಗೆ ಕಟ್ಟಿಬಿಟ್ಟಳು. "ದಿಸ್ ಒನ್ ಈಸ್ ಮೈ ಫೇವರಿಟ್."

ರೆಕ್ಸ್‌ಡೇಲ್

ಸಂತೆ ನಡೆದದ್ದು ಒಂದು ದೊಡ್ಡ ಸಭಾಂಗಣದಲ್ಲಿ. ನಮ್ಮ ಎಡಕ್ಕೆ ಸೊಮಾಲಿಯಾದ ಹೆಂಗಸೊಬ್ಬರ ಸಮೋಸ, ಬಲಕ್ಕೆ ಕೈಯಲ್ಲಿ ಹೆಣೆದ ಟೋಪಿಗಳು. ಕೊಳ್ಳದೆ ಹೋಗುವವರೆಲ್ಲ "ಸಾರಿ" ಹೇಳಿ ಹೋಗುತ್ತಿದ್ದರು. ನಮ್ಮಲ್ಲಿ ಕೊಳ್ಳದವರು ಮಾಲಿಗೆ ಒಂದು ದೋಷ ಹೇಳಿ ಹೋಗುತ್ತಾರೆ. ಏನು ಸರಿಯಿಲ್ಲವೆಂದು ವ್ಯಾಪಾರಿಗಾದರೂ ತಿಳಿಯುತ್ತದೆ.

ಕುಲವಂತ್ ಆಂಟಿ ಮಧ್ಯಾಹ್ನದ ಹೊತ್ತಿಗೆ ಬಂದರು. ಎತ್ತರದ ಹೆಂಗಸು, ಕತ್ತಿನಲ್ಲಿ ಸರಪಳಿ ಕಟ್ಟಿದ ಕನ್ನಡಕ. ವೀಣಾಳ ನಮಸ್ಕಾರಕ್ಕೆ ತಲೆಯಾಡಿಸಿ, ಬೆಂಡೆಕಾಯಿ ಆರಿಸುವವರಂತೆ ಒಂದೊಂದೇ ಬಾಟಲಿ ಎತ್ತಿ ಇಳಿಸತೊಡಗಿದರು. ಶೂಫೆನ್ ಟೋಪಿ ನೋಡುವ ನೆಪದಲ್ಲಿ ಪಕ್ಕದಲ್ಲೇ ನಿಂತಿದ್ದರು. ವೀಣಾ ಮೇಜುಬಟ್ಟೆಯ ಅಂಚನ್ನು ಸುರುಳಿ ಸುತ್ತುತ್ತಿದ್ದಳು.

"ಸಬ್ ಅಲಗ್ ಅಲಗ್ ಕ್ಯೂಂ ಹೈ?" ಎಂದು ಕೇಳಿದರು, ಒಂದೊಂದು ಒಂದೊಂದು ಥರ ಯಾಕಿದೆ ಎಂದು.

ನನಗೆ ಹಿಂದಿ ಬಾಯಿಗೆ ಬರುವುದು ಕಷ್ಟ. ಆದರೂ ತಪ್ಪು ನನ್ನದಾದ್ದರಿಂದ ಮುಂದೆ ಹೋಗಿ, "ಮೇರಾ ಹಾಥ್," ಎಂದು ಕೈ ತೋರಿಸಿದೆ. ಬೆರಳ ತುದಿಗಳಿನ್ನೂ ಕೆಂಪಗಿದ್ದವು. ಹಣೆಯೂ ಅಷ್ಟೆ.

ಆಂಟಿ ನನ್ನ ಬೆರಳು ನೋಡಿದರು, ಹಣೆ ನೋಡಿದರು. ಮತ್ತೆ ಬಾಟಲಿಗಳತ್ತ ಬಾಗಿ, ಹಿಂದಿನ ಸಾಲಿನಿಂದ ನನ್ನ ಹೆಬ್ಬೆರಳಿನ ಗುರುತಿದ್ದ ಬಾಟಲಿಯನ್ನೇ ಹುಡುಕಿ ತೆಗೆದರು. "ಯೇ ಘರ್ ಕಾ ಲಗ್ತಾ ಹೈ," ಅಂದರು. ಇದು ಮನೆಯದು ಅನ್ನಿಸುತ್ತೆ. ಅದನ್ನು ತಮ್ಮ ಚೀಲಕ್ಕೆ ಹಾಕಿಕೊಂಡು ವೀಣಾಳಿಗೆ, ಉಪ್ಪಿನಕಾಯಿ ಸಾಲಿನ ಕೆಳಗೆ ಜಾಗವಿದೆ, ಸೋಮವಾರ ತಂದಿಡು, ಎಲ್ಲವೂ ಹೀಗೇ ಇರಬೇಕು ಎಂದು ಹೇಳಿ ಸಮೋಸದ ಕಡೆ ನಡೆದರು.

ವೀಣಾ ಮೇಜುಬಟ್ಟೆ ಬಿಟ್ಟಳು. ಶೂಫೆನ್ ಬೇಡದ ಟೋಪಿಯೊಂದನ್ನು ಕೊಂಡಿದ್ದರು. ನನಗೆ ಸಂತೋಷವಾಗುವ ಮೊದಲು, ಹೆಬ್ಬೆರಳಿನ ಗುರುತನ್ನು ಇನ್ನು ಮುಂದೆ ಯಾರು ಒತ್ತುವುದು ಎಂಬ ಚಿಂತೆ ಹತ್ತಿತು.

ತುಮಕೂರು

ಹೊರಡುವ ದಿನ ಶೂಫೆನ್ ನನಗೂ ಒಂದು ಪುಟ್ಟ ಕಲ್ಲು ಕೊಟ್ಟರು. ನನ್ನ ಹೆಸರು, ಪದ್ಮ. ನಾಲ್ಕೂ ಅಂಚು ನೆಟ್ಟಗಿತ್ತು.

"ಇದನ್ನು ನಾನು ಒಡೆದಿಲ್ಲ," ಅಂದರು. "ಎರಡು ವಿಮಾನ, ಒಂದು ಬಸ್ಸು. ದಾರೀಲಿ ತಾನಾಗೇ ಒಡೆಯುತ್ತೆ. ಅದೇ ಚೆನ್ನಾಗಿರುತ್ತೆ."

ನಾನು ಕಲ್ಲನ್ನು ಕಾಲುಚೀಲಕ್ಕೆ ಹಾಕಿ, ಕಾಲುಚೀಲವನ್ನು ಸ್ವೆಟರಿಗೆ ಸುತ್ತಿ, ಸ್ವೆಟರನ್ನು ಕೈಚೀಲದಲ್ಲಿಟ್ಟು, ಕೈಚೀಲವನ್ನು ತೊಡೆಯ ಮೇಲಿಂದ ಇಳಿಸದೆ ಊರು ತಲುಪಿದೆ. ಮನೆಯಲ್ಲಿ ಬಿಚ್ಚಿ ನೋಡಿದರೆ ಒಂದು ಗೀರೂ ಇಲ್ಲ. ಏನೂ ಒಡೆಯಲಿಲ್ಲವಲ್ಲ ಎಂದು ಬೇಸರಪಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲು.

ಕೆಲವು ವಾರ ಕಳೆದು ಒಂದು ಸಂಜೆ ವೀಣಾ ವೀಡಿಯೊ ಕರೆ ಮಾಡಿದಳು. ಅಲ್ಲಿ ಬೆಳಗಿನ ಹೊತ್ತು. ಪರದೆ ಎಳೆಯದ ಕಿಟಕಿಯ ಮುಂದೆ ಅವಳೂ ಅದಿತಿಯೂ ಅಕ್ಕಪಕ್ಕ ಕುಳಿತು ಕಾಗದಕ್ಕೆ ಮೊಹರು ಒತ್ತುತ್ತಿದ್ದರು. ರಾತ್ರಿ ಪಾಳಿ ಈಗ ವಾರಕ್ಕೆ ಎರಡೇ ಅಂತೆ.

"ನಿನ್ನ ಕಲ್ಲು ಒಡೀತಾ?" ಎಂದು ಕೇಳಿದಳು.

"ಇಲ್ಲ ಕಣೇ."

"ಒಡಿಯೇ ಅಕ್ಕಾ. ನಾವು ನೋಡ್ತಿರ್ತೀವಿ."

ಫೋನನ್ನು ಹಿತ್ತಲ ಕಟ್ಟೆಯ ಮೇಲೆ ಒರಗಿಸಿದೆ. ಅಮ್ಮನ ಒರಳು ಈಗ ನನ್ನ ಹಿತ್ತಲಲ್ಲಿದೆ, ಅದರಲ್ಲಿ ಗುಬ್ಬಿಗಳಿಗೆ ನೀರಿಡುತ್ತೇನೆ. ಅದರ ಅಂಚಿಗೆ ಕಲ್ಲನ್ನು ಮೆಲ್ಲಗೆ ತಟ್ಟಿದೆ. ಏನೂ ಆಗಲಿಲ್ಲ. "ಕಳ್ಳ ಅಂದ್ಕೋ," ಅಂದಳು ವೀಣಾ. ಕಣ್ಣು ಮುಚ್ಚಿ ಜೋರಾಗಿ ಕುಟ್ಟಿದೆ. ಟಕ್ಕೆಂದಿತು. ಮೂಲೆಯಿಂದ ಚೂರೊಂದು ಹಾರಿತು.

"ಹೇಗಿದೆ, ತೋರ್ಸು."

ನಾನು ಆಗಲೇ ನೆಲದ ಮೇಲೆ ಮಂಡಿಯೂರಿ ಕೈಯಾಡಿಸುತ್ತಿದ್ದೆ.

"ಏನೇ ಹುಡುಕ್ತಿದೀಯ?"

"ಏನಿಲ್ಲ. ಕನ್ನಡಕ ಬಿತ್ತು."

ಅತ್ತ ಕಡೆ ಒಂದು ವಿಮಾನ ಹೋಯಿತು. ಇಬ್ಬರೂ ಮಾತು ನಿಲ್ಲಿಸಿ ಕಾದರು. ಅದು ಹೋದ ಮೇಲೆ ಅದಿತಿ ಫೋನಿಗೆ ಮುಖ ಹತ್ತಿರ ತಂದು, ನಿಧಾನವಾಗಿ, ಅಕ್ಷರ ಅಕ್ಷರವಾಗಿ ಹೇಳಿದಳು:

"ದೊಡ್ಡಮ್ಮ, ಕನ್ನಡಕ ಮೂಗಿನ ಮೇಲೇ ಇದೆ. ಆ ಚೂರು ಬಿಟ್ಟುಬಿಡಿ."